ಸಾಫ್ ಮಾಡಿದ ಕಾರ್ಡು

ಮಂಗಳವಾರ ಬೆಳಿಗ್ಗೆ ಆರು ಮುಕ್ಕಾಲಿಗೆ ಹೊನ್ನಜ್ಜಿ ತೀರಿಕೊಂಡಳು. ಮೊಮ್ಮಗಳು ಪ್ರಗತಿಯ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಚಪ್ಪರ ಬಿಚ್ಚಿದ್ದರೂ ಅಂಗಳದಲ್ಲಿ ಕಂಬ ನೆಟ್ಟ ಗುಳಿಗಳು ಹಾಗೇ ಇದ್ದವು.

ಚಹಾ ತಂದ ಸೊಸೆ ಹೀರಾ ಎರಡು ಸಲ ಕರೆದಳು. ಮೂರನೆಯ ಸಲ ಕೈ ಮುಟ್ಟಿ ನೋಡಿದಳು. ಲೋಟವನ್ನು ಕಿಟಕಿಯಲ್ಲಿಟ್ಟು, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ತನ್ನ ಸೊಸೆಗೆ "ವಿನುತಾ, ನಿತೇಶನ್ನ ಎಬ್ಬಿಸು. ಮಾವಂಗೆ ಫೋನ್ ಮಾಡು" ಎಂದಳು. ಅಳು ಶುರುವಾದದ್ದು ಆಮೇಲೆ.

ಅಂಕೋಲೆ ಪೇಟೆಯಿಂದ ಸಮುದ್ರದ ಕಡೆ ಇಳಿದರೆ ಕೇಣಿ. ಅಲ್ಲಿ ದುರ್ಗಪ್ಪನ ಮನೆ. ದುರ್ಗಪ್ಪ ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಒಂದು ಬೋಟಿನ ತಾಂಡೇಲ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವನ ಕೆಲಸ. ಹೆಂಡತಿ ಹೀರಾ ಅಂಕೋಲೆ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಮಗ ನಿತೇಶ ಸಮುದ್ರಕ್ಕೆ ಹೋಗಲಿಲ್ಲ. ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಾನೆ. ಅವನು ತೆಗೆದು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಮುಗಿಸಿ ಕೊಡುವವಳು ಅವನ ಹೆಂಡತಿ ವಿನುತಾ. ಅವಳ ತವರು ಮಂಜಗುಣಿ, ಗದ್ದೆ ಕೆಲಸದ ಮನೆ. ಮದುವೆಗೆ ಮುಂಚೆ ಕಾರವಾರದ ಒಂದು ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುತ್ತಿದ್ದಳು. ನಿತೇಶ ಅವಳನ್ನು ಕಂಡದ್ದೂ ಅಲ್ಲೇ.

ದುರ್ಗಪ್ಪ ಬೈತಖೋಲದಿಂದ ಬಂದು ತಾಯಿಯ ತಲೆಯ ಹತ್ತಿರ ಕೂತಿದ್ದಾಗ ನೆರೆಮನೆಯ ಮಾಬ್ಲೇಶ್ವರ ಬಾಗಿ ಕೇಳಿದ, "ಅಜ್ಜಿದೊಂದು ಫೋಟೋ ಕೊಡ್ರಾ. ಬ್ಯಾನರ್ ಮಾಡಿಸೂಕೆ ಹೇಳ್ತೆ. ಕ್ರಾಸಲ್ಲಿ ಕಟ್ಟಿದ್ರೆ ಊರಿಗೆಲ್ಲ ಗೊತ್ತಾತದೆ."

ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಹೊನ್ನಜ್ಜಿ ಸೆರಗೆಳೆದುಕೊಂಡು ಅಡುಗೆಮನೆ ಸೇರುವವಳು. ವಿಡಿಯೋದವನ ಅಜ್ಜಿಯಾಗಿ ಹೀಗೆ ಮಾಡಿದರೆ ಹೇಗೆ ಎಂದು ನಿತೇಶ ರೇಗಿಸಿದರೆ "ನಾನೆಂತ ಮದಲಗಿತ್ತಿಯಾ?" ಎನ್ನುತ್ತಿದ್ದಳು. ಊರವರ ಮೊಬೈಲುಗಳಲ್ಲಿ ಅವಳದೊಂದು ಬೆನ್ನು, ಒಂದು ಮೊಣಕೈ ಸಿಕ್ಕಿದರೆ ಹೆಚ್ಚು.

"ಆಧಾರ್ ಕಾರ್ಡಲ್ಲಿ ಅದೆಯಲ್ಲ," ಎಂದಳು ಹೀರಾ.

"ಅದು ಬ್ಯಾಡ," ದುರ್ಗಪ್ಪ ತಲೆಯೆತ್ತಲಿಲ್ಲ. "ಅದ್ರಲ್ಲಿ ಅವ್ವಿ ಪೊಲೀಸ್ ಠಾಣೆಲಿ ನಿಲ್ಸಿದಾಂಗೆ ಕಾಣ್ತಾಳೆ. ಮದುವೆ ದಿನ ನಿತೇಶ ಅವ್ವಿನ ಜಗಲಿ ಮೇಲೆ ಕೂರ್ಸಿ ತೆಗೆದ್ನಲ್ಲ. ಅದ್ರಿಂದ ಒಂದು ತೆಗೀರಿ."

ಅದು ನಿಜ. ಪ್ರಗತಿ ಗಂಡನ ಮನೆಗೆ ಹೊರಡುವ ಮುಂಚೆ ನಿತೇಶ ಅಜ್ಜಿಯನ್ನು ಗೋಗರೆದು ಕುರ್ಚಿಯಲ್ಲಿ ಕೂರಿಸಿದ್ದ. ಅವಳು ಕೂತದ್ದಷ್ಟೇ ಅಲ್ಲ, ಮೊಮ್ಮಗಳಿಗೆ ಹೇಳುವುದನ್ನೆಲ್ಲ ಕ್ಯಾಮೆರಾಕ್ಕೆ ಹೇಳಿದ್ದಳು. ಎಂದೂ ಆಗದ್ದು ಆ ದಿನ ಆಗಿತ್ತು.

ವಿನುತಾ ಒಳಗಿನ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ಮದುವೆಯ ಫೈಲುಗಳನ್ನು ಅವಳು ಇನ್ನೂ ತೆರೆದು ನೋಡಿರಲಿಲ್ಲ. ಏಪ್ರಿಲ್, ಮೇ ತಿಂಗಳು ನಿತೇಶನಿಗೆ ದಿನಾ ಕೆಲಸ. ಎಡಿಟಿಂಗ್ ಎಲ್ಲ ಮಳೆಗಾಲಕ್ಕೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಮೊದಲ ಫೈಲು ಎಳೆದು ಹಾಕಿದಳು. ಟೈಮ್‌ಲೈನಿನ ಮೇಲೆ ಶಬ್ದದ ಹಸಿರು ಗೆರೆ ಮಾತ್ರ ಬಂತು, ಚಿತ್ರದ ಪಟ್ಟಿ ಬರಲಿಲ್ಲ. ಪ್ಲೇ ಒತ್ತಿದಳು. ಪರದೆ ಕಪ್ಪಗೇ ಇತ್ತು. ಸ್ಪೀಕರಿನಿಂದ ಮದುವೆಯ ವಾದ್ಯ ಒಮ್ಮೆಲೇ ಮೊಳಗಿತು. ಹೊರಗೆ ಹೆಣದ ಸುತ್ತ ಕೂತವರು ತಿರುಗಿ ನೋಡಿದರು. ಅವಳು ಗುಂಡಿ ಹುಡುಕುವಷ್ಟರಲ್ಲಿ ವಾದ್ಯದ ಹಿಂದಿನಿಂದ ಒಂದು ಧ್ವನಿ ಕೇಳಿತು: "ಏ ಬಾಗಲಿಂದ ಸರೀರೋ, ಗಂಡಿನ ಕಡೆಯವ್ರು ಬತ್ತಾರೆ!"

ಹೊನ್ನಜ್ಜಿಯ ಧ್ವನಿ. ದುರ್ಗಪ್ಪ ಎದ್ದು ಬಾಗಿಲಿಗೆ ಬಂದು ನಿಂತ.

"ಚಿತ್ರ ಎಲ್ಲಿ?"

"ಬತ್ತಿಲ್ಲ ಮಾವ."

ಅವಳು ಮತ್ತೊಂದನ್ನು ಹಾಕಿದಳು. ಅದೂ ಕಪ್ಪು. ಜಗಲಿಯದು ಕೊನೆಯ ಫೈಲು. ಅದು ಶಬ್ದವನ್ನೂ ಕೊಡಲಿಲ್ಲ, ತೆರೆಯಲಾಗದು ಎಂಬ ಸಾಲು ತೋರಿಸಿ ನಿಂತಿತು. ಹೊರಗೆ ಬಿದಿರು ಕಡಿಯುವ ಸದ್ದು ಕೇಳುತ್ತಿತ್ತು. ಅವಳು ಕಂಪ್ಯೂಟರ್ ಆರಿಸಿದಳು.

ಕ್ರಾಸಿನಲ್ಲಿ ಕಟ್ಟಿದ ಬ್ಯಾನರಿನಲ್ಲಿ ಹೊನ್ನಜ್ಜಿಯ ಹೆಸರಿನ ಮೇಲೆ ಪ್ರಿಂಟಿಂಗ್ ಅಂಗಡಿಯವರದೇ ಒಂದು ದೀಪದ ಚಿತ್ರವಿತ್ತು.

*

ಹನ್ನೆರಡನೆಯ ದಿನದವರೆಗೆ ಆ ಮನೆಯಲ್ಲಿ ಮೀನು ಬೇಯಲಿಲ್ಲ. ಗಂಜಿ, ಮಾವಿನಕಾಯಿ ಉಪ್ಪಿನಕಾಯಿ, ಅಪರೂಪಕ್ಕೆ ಬಸಳೆ. ಮೀನಿಲ್ಲದೆ ಉಂಡು ಅಭ್ಯಾಸವಿಲ್ಲದವರು ಬೇಗ ಊಟ ಮುಗಿಸುತ್ತಾರೆ, ಮಾತಿಗೆ ಹೆಚ್ಚು ಹೊತ್ತು ಉಳಿಯುತ್ತದೆ.

"ಬೇರೆಯವ್ರ ಮದುವೆದೆಲ್ಲ ಬತ್ತದೆ," ದುರ್ಗಪ್ಪ ತಟ್ಟೆಯ ಮೇಲೇ ಕೈ ತೊಳೆದ. "ನಮ್ಮ ಮನೆದು ಒಂದೇ ಎಂತಕ್ಕೆ ಬತ್ತಿಲ್ಲ?"

"ಅದನ್ನ ಬೇರೆ ಸೆಟ್ಟಿಂಗಲ್ಲಿ ತೆಗ್ದದ್ದು ಅಪ್ಪ," ಎಂದ ನಿತೇಶ. "ಹೊಸ ಕ್ಯಾಮೆರಾ ಅಲ್ದಾ. ತಂಗಿ ಮದುವೆ ಅಂತ ಇದ್ದದ್ರಲ್ಲೇ ಮೇಲಿನ ಕ್ವಾಲಿಟಿಗೆ ಇಟ್ಟಿದ್ದೆ."

"ಮೇಲಿನ ಕ್ವಾಲಿಟಿ! ಕಾಣೂದೇ ಇಲ್ಲ."

ಹೀರಾ ಗಂಜಿಯ ಪಾತ್ರೆ ಮುಚ್ಚಿದಳು. "ಸೆಟ್ಟಿಂಗೂ ಇಲ್ಲ, ಎಂತದೂ ಇಲ್ಲ. ಕ್ಯಾಮೆರಾ ಕಾರ್ಡ್ ಸಾಫ್ ಮಾಡಿದ್ದು ಯಾರು ಕೇಳು."

ವಿನುತಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ಇಟ್ಟೇ ಮುಗಿಸಿದಳು.

ಮದುವೆಯ ಮರುದಿನದ ಸಂಗತಿ ಅದು. ಸಮುದ್ರದ ದಂಡೆಯ ಮನೆಗಳಲ್ಲಿ ಉಪ್ಪು ಗಾಳಿಯಲ್ಲೇ ಬಂದು ಕೂರುತ್ತದೆ. ಬೋಟಿನಿಂದ ಮನೆಗೆ ಬಂದ ಟಾರ್ಚು, ಮೊಬೈಲು, ಬ್ಯಾಟರಿ ಯಾವುದೇ ಇರಲಿ, ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿಯೇ ಒಳಗಿಡಬೇಕು. ಅದಕ್ಕೆ ಅವರು ಹೇಳುವುದು ಸಾಫ್ ಮಾಡುವುದು ಎಂದು. ಸಂಜೆಯಾದರೆ ಹೀರಾ ಟಿವಿಯನ್ನೂ ಸಾಫ್ ಮಾಡುತ್ತಾಳೆ. ವಿನುತಾ ಕೆಲಸ ಕಲಿತ ಕಾರವಾರದ ಸ್ಟುಡಿಯೋದಲ್ಲೂ ಅದೇ ಮಾತಿತ್ತು, ಅರ್ಥ ಬೇರೆ. ಅಲ್ಲಿ ಕಾರ್ಡ್ ಸಾಫ್ ಮಾಡು ಎಂದರೆ, ಇದ್ದದ್ದನ್ನೆಲ್ಲ ಅಳಿಸಿ ಮುಂದಿನ ಕೆಲಸಕ್ಕೆ ಖಾಲಿ ಮಾಡಿಕೊಡು.

ಆ ಬೆಳಿಗ್ಗೆ ನಿತೇಶ ಗೋಕರ್ಣದ ಕಡೆ ಒಂದು ಉಪನಯನಕ್ಕೆ ಹೊರಟಿದ್ದ. ಬೈಕಿಗೆ ಟ್ರೈಪಾಡ್ ಕಟ್ಟುತ್ತ ಒಳಗೆ ಕೂಗಿದ, "ಕಾರ್ಡ್ ಸಾಫ್ ಮಾಡಿಡು, ಬೇಗ!" ವಿನುತಾ ಹಾಗೇ ಅಳಿಸಿರಲಿಲ್ಲ. ಕಾರ್ಡಿನಲ್ಲಿದ್ದ ಫೈಲುಗಳನ್ನೂ ಕಂಪ್ಯೂಟರಿನಲ್ಲಿದ್ದವನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿದ್ದಳು, ಗಾತ್ರ ನೋಡಿದ್ದಳು. ಎರಡೂ ಕಡೆ ಒಂದೇ. ಆಮೇಲೇ ಫಾರ್ಮ್ಯಾಟ್ ಒತ್ತಿದ್ದು. ಕಾರ್ಡ್ ಕೈಗೆ ಬಂದಾಗ ನಿತೇಶ ಅದನ್ನು ಹಾಕಿ ನೋಡಿ ನಕ್ಕಿದ್ದ. "ಏ ಮಾರಾಯ್ತಿ, ನಾ ಒರ್ಸೂಕೆ ಹೇಳ್ದದ್ದು. ಎಲ್ಲ ಕಾಪಿ ಆಗದ್ಯಾ?"

"ಆಗದೆ. ನಾನು ನೋಡ್ದೆ. ಗಾತ್ರನೂ ಸರಿ ಅದೆ."

"ಹಂಗಾರೆ ಬಿಡು," ಎಂದು ಬೈಕ್ ಹತ್ತಿದ್ದ. ಅದೇ ಕಾರ್ಡಿನ ಮೇಲೆ ಉಪನಯನ ತೆಗೆದ; ಆಮೇಲೆ ಒಂದು ಗೃಹಪ್ರವೇಶ, ಆಮೇಲೆ ಮತ್ತೆರಡು ಮದುವೆ.

ಈಗ ಆ ನಗೆಯ ಸಂಗತಿ ಗಂಜಿಯ ಮುಂದೆ ಬಂದು ಕೂತಿತ್ತು.

"ನಂಗೆ ಗೊತ್ತಾತು," ಎಂದ ದುರ್ಗಪ್ಪ. "ಬಲೆ ಎಳೀವಾಗ ಹಗುರದ್ದು ಮೊದ್ಲು ಬತ್ತದೆ, ಭಾರದ್ದು ಕಡೀಗೆ. ಶಬ್ದ ಹಗುರ, ಬಂತು. ಚಿತ್ರ ಕಾರ್ಡಲ್ಲೇ ಉಳೀತು. ನೀವು ತೊಳ್ದು ಚೆಲ್ಲಿದ್ರಿ."

"ಹಾಂಗಲ್ಲ ಮಾವ. ಶಬ್ದ, ಚಿತ್ರ ಎರಡೂ ಒಂದೇ ಫೈಲಲ್ಲಿ ಇರ್ತದೆ. ಬಂದ್ರೆ ಎರಡೂ ಬತ್ತದೆ."

"ಮತ್ತೆ ಕಾಣೂದಿಲ್ಲ ಎಂತಕ್ಕೆ?"

ವಿನುತಾ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು.

"ನಮ್ಮನೇಲಿ ಸಾಫ್ ಅಂದ್ರೆ ಒರ್ಸೂದು," ಎಂದಳು ಹೀರಾ. "ನಿಮ್ಮ ಮಂಜಗುಣಿಲಿ ಎಂತ ಅಂತಾರೋ ನಂಗೆ ಗೊತ್ತಿಲ್ಲ."

"ಆಯಿ, ಸಾಕು," ಎಂದ ನಿತೇಶ. ಎಂದದ್ದು ಅಷ್ಟೇ. ಎದ್ದು ಹೊರಗೆ ಹೋದ.

*

ಜೂನ್ ಒಂದರಿಂದ ಮೀನುಗಾರಿಕೆ ನಿಷೇಧ. ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ಆತು ನಿಂತವು. ದುರ್ಗಪ್ಪ ಮನೆಗೆ ಬಂದ. ಎಂದಿನ ಮಳೆಗಾಲದಲ್ಲಿ ಅವನು ಜಗಲಿಯ ಮೇಲೆ ಬಲೆ ಹರಡಿ ಹರಿದ ಕಣ್ಣು ಕಟ್ಟುತ್ತ ಕೂರುವವ, ಪಕ್ಕದಲ್ಲಿ ತಾಯಿ ಎಲೆಯಡಿಕೆ ಕುಟ್ಟುತ್ತ ಕೂರುವವಳು. ಈ ಸಲವೂ ಬಲೆ ಹರಡಿದ. ಗಂಟೆಗೊಮ್ಮೆ ಎದ್ದು ಒಳಗೆ ಬಂದು, ವಿನುತಾಳ ಹಿಂದೆ ನಿಂತು ಪರದೆ ನೋಡಿ, ಏನೂ ಕೇಳದೆ ಹೋಗುತ್ತಿದ್ದ. ಅವನು ಬೈದಿದ್ದರೆ ಅವಳಿಗೆ ಸುಲಭವಿತ್ತು.

ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದಳು. ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿದಳು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹೊಸದು ಹಾಕಿದಳು. ಫೈಲಿನ ಹೆಸರಿನ ಕೊನೆಯ ಅಕ್ಷರ ಬದಲಿಸಿದಳು. ಕಪ್ಪು ಕಪ್ಪಾಗಿಯೇ ಉಳಿಯಿತು. ಕಡೆಗೆ ಮುಹೂರ್ತದ ಫೈಲೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕಾರವಾರದ ಬಸ್ಸು ಹತ್ತಿದಳು. ಜಗಲಿಯ ಫೈಲನ್ನೇ ಒಯ್ಯಬೇಕೆಂದಿದ್ದಳು. ಅದು ದೊಡ್ಡದು, ಆ ಪೆನ್‌ಡ್ರೈವ್ ತೆಗೆದುಕೊಳ್ಳಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ರಾಮನಾಥನ ಕಂಪ್ಯೂಟರ್ ರಿಪೇರಿ ಅಂಗಡಿ. ಸ್ಟುಡಿಯೋದ ದಿನಗಳಿಂದ ಅವಳಿಗೆ ಪರಿಚಯದವ.

"ಡ್ರೈವರ್ ಅಪ್‌ಡೇಟ್ ಮಾಡಿದ್ರಾ ಅಕ್ಕಾ?"

"ಮಾಡ್ದೆ."

"ಮತ್ತೊಂದ್ಸಲ ಮಾಡಿ."

"ರಾಮನಾಥ, ನಾನು ಬಸ್ಸಿಗೆ ನಿಂತ್ಕಂಡು ಬಂದದ್ದು ಇದನ್ನ ಕೇಳೂಕಲ್ಲ."

ಅವನು ನಕ್ಕು ಪೆನ್‌ಡ್ರೈವ್ ಹಾಕಿದ. ಫೈಲಿನ ಮಾಹಿತಿ ತೆರೆದು ಓದಿದ. "ಇದು ಎಚ್ ಟೂ ಸಿಕ್ಸ್ ಫೈವ್, ಟೆನ್ ಬಿಟ್. ಕ್ಯಾಮೆರಾ ಚಿತ್ರನ ಸಣ್ಣಗೆ ಹಿಂಡಿ ಗಂಟು ಕಟ್ಟಿ ಇಟ್ಟದೆ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಹಳೇದು, ಆ ಗಂಟು ಬಿಚ್ಚೂಕೆ ಅದಕ್ಕೆ ಬರೂದಿಲ್ಲ. ಶಬ್ದ ಕಟ್ಟಿದ್ದು ಹಳೇ ರೀತಿ, ಅದಕ್ಕೆ ಅದು ಬತ್ತದೆ. ಹಳೇ ನಮೂನೆಗೆ ಕನ್ವರ್ಟ್ ಮಾಡ್ಕಣಿ, ಎಲ್ಲ ಬತ್ತದೆ."

"ಚಿತ್ರ ಒಳಗೇ ಅದ್ಯಾ?"

"ನೋಡಿ ಬೇಕಾದ್ರೆ."

ಅವನ ಕಂಪ್ಯೂಟರ್ ಹೊಸದು. ಅವಳು ಪಕ್ಕದ ಅಂಗಡಿಯಿಂದ ಚಹಾ ತರಿಸಿ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಪ್ರಗತಿ ಬಂದಳು. ಹಣೆಗೆ ಬಾಸಿಂಗ, ಕೆನ್ನೆಗೆ ಅರಿಶಿನ. ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಮದುಮಗ ಕಿಶನ. ಹಿಂದಿನ ಬಾಗಿಲ ಸಂದಿಯಲ್ಲಿ ಕಂದು ಸೀರೆಯ ಒಂದು ಅಂಚು. ವಿನುತಾ ಕುರ್ಚಿಯ ಕೈ ಹಿಡಿದುಕೊಂಡಳು.

ರಾಮನಾಥ ಅದೇ ಪೆನ್‌ಡ್ರೈವಿನಲ್ಲಿ ಕನ್ವರ್ಟ್ ಮಾಡುವ ಸಾಫ್ಟ್‌ವೇರನ್ನೂ ಹಾಕಿ ಕೊಟ್ಟ. "ನಿಮ್ಮ ಸಿಸ್ಟಮ್ಮಲ್ಲಿ ತಡ ಆತದೆ. ಕರೆಂಟ್ ಹೋದ್ರೆ ಹಿಡಿದ ಫೈಲು ಮತ್ತೆ ಮೊದಲಿಂದ," ಎಂದ.

ಕೇಣಿಯಲ್ಲಿ ದುರ್ಗಪ್ಪ ಜಗಲಿಯ ಮೇಲಿದ್ದ. ಚಪ್ಪಲಿ ಬಿಡುತ್ತಲೇ ಅವಳು ಹೇಳಿದಳು, "ಚಿತ್ರ ಅದೆ ಮಾವ. ಎಲ್ಲೂ ಹೋಗ್ಲಿಲ್ಲ."

ಅವನ ಬೆರಳು ಬಲೆಯ ಕಣ್ಣಿನಲ್ಲೇ ನಿಂತಿತು. "ಹಂಗಾರೆ ಅವ್ವಿ ಅದಾಳೆ?"

"ಅದಾರೆ ಮಾವ," ಎಂದಳು ವಿನುತಾ.

ಆ ಸಂಜೆ ದುರ್ಗಪ್ಪ ಗೋಡೆಯಲ್ಲಿ ತನ್ನ ತಂದೆಯ ಫೋಟೋದ ಪಕ್ಕ ಜಾಗ ನೋಡಿ ಒಂದು ಮೊಳೆ ಹೊಡೆದ.

*

ಕನ್ವರ್ಟ್ ಮಾಡುವ ಕೆಲಸ ಜೂನ್ ಪೂರ್ತಿ ಎಳೆಯಿತು. ಒಂದೊಂದು ಫೈಲಿಗೂ ಅರ್ಧ ದಿನ. ಗಾಳಿಮಳೆಗೆ ಎಲ್ಲೋ ಕೊಂಬೆ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು, ಮುಗಿಯಲು ಬಂದದ್ದು ಮೊದಲಿನಿಂದ ಶುರುವಾಗುವುದು. ಹಳೆಯ ಯುಪಿಎಸ್ಸಿಗೆ ದಮ್ಮಿರಲಿಲ್ಲ. ಮಿಕ್ಸರ್ ಹಾಕಿದರೂ ಅದು ಕೀಂಯ್ಗುಟ್ಟಿ ಆರುತ್ತಿತ್ತು. ಹಾಗಾಗಿ ಹಗಲಿಗೆ ಮಿಕ್ಸರ್ ಹಾಕುವಂತಿರಲಿಲ್ಲ.

"ಈ ಪ್ರಾಯಕ್ಕೆ ನಾನು ಕಲ್ಲಲ್ಲಿ ಅರೀಬೇಕು," ಹೀರಾ ಕಾಯಿತುರಿಯ ಮೇಲೆ ಮೆಣಸು ಹಾಕುತ್ತ ಗೊಣಗಿದಳು. "ಮನೇಲಿ ಮಿಕ್ಸರ್ ಅದೆ, ಸೊಸೆ ಅದಾಳೆ."

"ಕೊಡಿ ಅತ್ತಿ, ನಾ ಅರೀತೆ."

"ನೀ ಹೋಗಿ ಅದ್ರ ಮುಂದೆ ಕೂತ್ಕ. ಅದು ನಿಂತ್ರೆ ನಿಮ್ಮ ಮಾವ ಊಟ ಬಿಡ್ತಾರೆ."

ಮಾತು ಒರಟಿದ್ದರೂ ಅದರಲ್ಲಿ ಮೊದಲಿನ ಚುಚ್ಚು ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಒಣಮೀನು ಮಾರುವ ಹೆಂಗಸರ ಮುಂದೆ ಹೀರಾ "ನಮ್ಮ ಸೊಸೆ ಕಾರವಾರಕ್ಕೆ ಹೋಗಿ ಸರಿ ಮಾಡ್ಕಂಡು ಬಂದ್ಲು" ಎಂದದ್ದು ವಿನುತಾಳ ಕಿವಿಗೂ ಬಿದ್ದಿತ್ತು.

ಮಾಜಾಳಿಯಿಂದ ಪ್ರಗತಿ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅವಳ ಗಂಡ ಕಿಶನ ದಿನಾ ಗೋವಾಕ್ಕೆ ಹೋಗಿ ಬಂದು ಕೆಲಸ ಮಾಡುವವ. ಅವಳು ಹಗಲಿಡೀ ಅತ್ತೆಯ ಜೊತೆ.

"ವೈನಿ, ಎಷ್ಟು ಆತು? ಇಲ್ಲಿ ಅತ್ತಿ ದಿನಾ ಹೇಳ್ತಾರೆ, ಅಣ್ಣ ಊರೋರ ಮದುವೆ ತೆಗೀತಾನೆ, ತಂಗಿ ಮದುವೆ ಮಾತ್ರ ರೇಡಿಯೋ ಅಂತೆ ಅಂತ."

"ಮುಂದಿನ ಆದಿತ್ಯವಾರ ಬನ್ನಿ ಇಬ್ರೂ. ಟಿವಿಲಿ ನೋಡ್ವ."

"ಅಜ್ಜಿದೂ?"

"ಅದು ಕೊನೇ ಫೈಲು. ಅಷ್ಟೊತ್ತಿಗೆ ಆತದೆ."

ಶನಿವಾರಕ್ಕೆ ಉಳಿದದ್ದೆಲ್ಲ ಮುಗಿದಿತ್ತು. ಆದಿತ್ಯವಾರ ಬೆಳಿಗ್ಗೆ ಚಹಾಕ್ಕೆ ಮುಂಚೆ ವಿನುತಾ ಜಗಲಿಯ ಫೈಲನ್ನು ಕನ್ವರ್ಟಿಗೆ ಹಾಕಿದಳು. ಕೆಂಪು ಗುರುತು ಬಂತು. ಮತ್ತೆ ಹಾಕಿದಳು. ಮತ್ತೆ ಕೆಂಪು. ಮೊದಲ ದಿನವೂ ಇದೊಂದೇ ಫೈಲು ಶಬ್ದವನ್ನೂ ಕೊಡದೆ ನಿಂತದ್ದು ಅವಳಿಗೆ ಈಗ ನೆನಪಾಯಿತು. ಅಂಗಳದಲ್ಲಿ ರಿಕ್ಷಾ ನಿಂತ ಸದ್ದಾಯಿತು. ಕಿಶನ ಕಾಳಿ ಹೊಳೆಯ ಏಡಿಗಳನ್ನು ಚೀಲದಲ್ಲಿ ಹಿಡಿದು ಇಳಿದ.

*

ಏಡಿ ಸಾರು, ಒಣಸೀಗಡಿ ಚಟ್ನಿ, ಕುಚಲಕ್ಕಿ ಅನ್ನ. ಊಟವಾದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತರು. ಮಾಬ್ಲೇಶ್ವರನೂ ಮನೆಯವರನ್ನು ಕರೆದುಕೊಂಡು ಬಂದಿದ್ದ. ದುರ್ಗಪ್ಪ ಗೋಡೆಗೊರಗಿ, ಮೊಳೆಯ ಕೆಳಗೇ ಕೂತ.

ಚಿತ್ರ ಚೊಕ್ಕವಾಗಿ ಬಂತು. ಕಿಶನನ ಬೆವರಿಗೆ ಎಲ್ಲರೂ ನಕ್ಕರು. "ಭಾವೋಜಿ ಬೋಟು ಎಳೆದು ಬಂದವ್ರಾಂಗೆ ಕಾಣ್ತಾರೆ," ಎಂದ ನಿತೇಶ. "ನಿಮ್ಮ ತಂಗಿನ ಎಳ್ಕಂಡು ಹೋಗೂದು ಅದಕ್ಕಿಂತ ಭಾರ," ಎಂದ ಕಿಶನ. ಪ್ರಗತಿ ಅವನ ತೊಡೆಗೆ ಹೊಡೆದಳು. ನಡುನಡುವೆ ಯಾರಾದರೂ "ಅದಾ, ಅಜ್ಜಿ!" ಎಂದು ಬೆರಳು ಮಾಡುವರು, ಅಷ್ಟರಲ್ಲಿ ಕಂದು ಸೀರೆಯ ಬೆನ್ನೊಂದು ಬಾಗಿಲು ದಾಟಿ ಹೋಗಿರುತ್ತಿತ್ತು.

ವಿನುತಾ ಮತ್ತೆ ಮತ್ತೆ ಎದ್ದು ಒಳಗಿನ ಕೋಣೆಗೆ ಹೋಗಿ ಬರುತ್ತಿದ್ದಳು. ಬೇರೊಂದು ಪ್ಲೇಯರಿನಲ್ಲಿ ಹಾಕಿ ನೋಡಿದಳು. ಫೈಲಿಗೆ ಹೆಸರಿತ್ತು, ಗಾತ್ರವಿತ್ತು. ತೆರೆಯಲಿಲ್ಲ.

"ಅವ್ವಿದು ಹಾಕಿ ಇನ್ನು," ದುರ್ಗಪ್ಪನ ಧ್ವನಿ ಕೇಳಿತು.

ನಿತೇಶ ಒಳಗೆ ಬಂದ. "ಹಾಕು ಅದನ್ನ."

"ಆಗ್ತಿಲ್ಲ. ಬೆಳಿಗ್ಗಿಂದ ನೋಡ್ತಿದ್ದೆ."

ಅವನು ಬಾಗಿ ಫೈಲಿನ ನಂಬರು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಮಂಚದ ಅಂಚಿನಲ್ಲಿ ಕೂತುಬಿಟ್ಟ.

"ಅವತ್ತು ಇಲ್ಲೇ ಬಂದು ನಿಂತಿತ್ತು," ಎಂದ.

"ಎಂತದು?"

"ಕಾಪಿ. ಮದುವೆ ದಿನ ಸಂಜೆ. ಇದೇ ಫೈಲಿಗೆ ಬಂದು ಸಿಸ್ಟಮ್ ಹ್ಯಾಂಗ್ ಆತು. ಸ್ವಿಚ್ ತೆಗೆದು ಆರಿಸ್ದೆ. ಕಾರ್ಡಿನ ಬಾಯಿಗೆ ಉಪ್ಪು ಹಿಡಿದದೆ ಅಂದ್ಕಂಡೆ. ಬೆಳಿಗ್ಗೆ ಒರ್ಸಿ ಮತ್ತೆ ಕಾಪಿ ಮಾಡ್ವ ಅಂತ ಇದ್ದೆ. ಅದಕ್ಕೇ ಸಾಫ್ ಮಾಡಿಡು ಅಂದದ್ದು."

"ಹ್ಯಾಂಗ್ ಆದದ್ದು ನನ್ನ ಹತ್ರ ಹೇಳಿದ್ರಾ?"

"ಸಾಫ್ ಅಂದ್ರೆ—"

"ಹೇಳಿದ್ರಾ?"

"ಇಲ್ಲ," ಎಂದ ನಿತೇಶ. "ನೀನು ಗಾತ್ರ ಸರಿ ಅದೆ ಅಂದೆ. ಆಗಿರ್ಬೇಕು ಅಂದ್ಕಂಡೆ."

ಬಾಗಿಲಲ್ಲಿ ಹೀರಾ ನಿಂತಿದ್ದಳು. ಅವಳ ಹಿಂದೆ ದುರ್ಗಪ್ಪ. ಹಾಲಿನಲ್ಲಿ ಮಾಬ್ಲೇಶ್ವರ ಟಿವಿಯ ಧ್ವನಿ ತಗ್ಗಿಸಿದ.

"ನಾ ಅವತ್ತೇ ಹೇಳ್ಲಿಲ್ವಾ?" ಎಂದಳು ಹೀರಾ. "ಕಾರವಾರಕ್ಕೆ ಹೋದ್ಲು, ಬಂದ್ಲು, ಅದಾರೆ ಅಂದ್ಲು. ಒಂದು ತಿಂಗ್ಳು ನನ್ನ ಹತ್ರ ಕಲ್ಲಲ್ಲಿ ಅರೆಸಿದ್ಲು!"

"ಆಯಿ, ವೈನಿ ಒಬ್ರದೇ ತಪ್ಪಾ?" ಪ್ರಗತಿ ಅಳುತ್ತಿದ್ದಳು.

"ಮತ್ತೆ ನಂದಾ?"

"ಕಾರ್ಡ್ ಎಲ್ಲಿ?" ದುರ್ಗಪ್ಪ ಕೇಳಿದ.

ನಿತೇಶ ಕ್ಯಾಮೆರಾ ಚೀಲದಿಂದ ಕಾರ್ಡ್ ತೆಗೆದು ಕೊಟ್ಟ. ದುರ್ಗಪ್ಪ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಬೆರಳ ಉಗುರಿನಷ್ಟು ದೊಡ್ಡದೊಂದು ಕಪ್ಪು ಚೂರು.

"ಅದ್ರ ಮೇಲೆ ಬೇರೆ ನಾಲ್ಕು ಕೆಲಸ ಆಗದೆ ಅಪ್ಪ. ಈಗ ಅದ್ರಲ್ಲಿ ಎಂತದೂ ಇಲ್ಲ."

ದುರ್ಗಪ್ಪ ಕಾರ್ಡನ್ನು ಮೇಜಿನ ಮೇಲಿಟ್ಟು, ಕೊಡೆ ತೆಗೆದುಕೊಳ್ಳದೆ ದಂಡೆಯ ಕಡೆ ನಡೆದ. ವಿನುತಾ ಜಗಲಿಯವರೆಗೆ ಹಿಂದೆ ಬಂದಳು. "ಮಾವ," ಎಂದಳು. ಅವನು ತಿರುಗಲಿಲ್ಲ.

*

ಮರುದಿನ ಗಂಡ ಹೆಂಡತಿ ಇಬ್ಬರೂ ಹಾರ್ಡ್‌ಡಿಸ್ಕ್ ಹಿಡಿದು ಕಾರವಾರಕ್ಕೆ ಹೋದರು.

ರಾಮನಾಥ ಫೈಲನ್ನು ಒಡೆದು ಒಳಗಿನ ಅಂಕಿಗಳ ಸಾಲು ತೋರಿಸಿದ. ಮೊದಲು ಸ್ವಲ್ಪ ದೂರ ಅಂಕಿ, ಅಕ್ಷರ ಕಲಸಿದ್ದವು. ಅಲ್ಲಿಂದ ಮುಂದೆ ಬರೀ ಸೊನ್ನೆ.

"ಕಾಪಿ ಶುರು ಮಾಡುವಾಗಲೇ ಕಂಪ್ಯೂಟರ್ ಇಷ್ಟು ಜಾಗ ಬೇಕು ಅಂತ ಹಿಡಿದಿಟ್ಕಣ್ತದೆ. ತುಂಬೂದ್ರೊಳಗೆ ನೀವು ಸ್ವಿಚ್ ತೆಗೆದ್ರಿ. ಹೊರಗಿಂದ ನೋಡಿದ್ರೆ ಪೂರ್ತಿ ಗಾತ್ರ, ಒಳಗೆ ಖಾಲಿ. ಅಕ್ಕ ಗಾತ್ರ ನೋಡಿ ಅಳಿಸಿದ್ದು ತಪ್ಪು ಅಂತ ನಾ ಹೇಳೂದಿಲ್ಲ, ನಾನೂ ಹಾಂಗೇ ಮಾಡ್ತಿದ್ದೆ. ತೆರೆದು ನೋಡ್ಬೇಕಿತ್ತು ಅಷ್ಟೆ."

"ತುಂಬಿದಷ್ಟಾದ್ರೂ ಬರೂದಿಲ್ವಾ?" ವಿನುತಾ ಕೇಳಿದಳು.

"ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗಿನ ಬೇರೊಂದು ಫೈಲು ಮಾದರಿಗೆ ಕೊಟ್ಟು ರಿಪೇರಿ ಮಾಡೂಕೆ ಬತ್ತದೆ. ಎಷ್ಟು ಸಿಕ್ತದೋ ಗೊತ್ತಿಲ್ಲ."

ಮುಹೂರ್ತದ ಫೈಲನ್ನು ಮಾದರಿಗೆ ಕೊಟ್ಟರು. ಸಿಕ್ಕಿದ್ದನ್ನು ಅಲ್ಲಿ ನೋಡಲು ವಿನುತಾ ಒಪ್ಪಲಿಲ್ಲ. ಮನೆಗೆ ತಂದು, ದುರ್ಗಪ್ಪನನ್ನು ಕರೆದು, ಅವನ ಮುಂದೆಯೇ ಹಾಕಿದಳು.

ಜಗಲಿ ಕಾಣಿಸಿತು. ಸುಣ್ಣದ ಗೋಡೆ, ಅದಕ್ಕೆ ಆನಿಸಿದ ಕೆಂಪು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಕಾಲ ಬಳಿ ಮಾವಿನ ತೋರಣದಿಂದ ಬಿದ್ದ ಎಲೆ. ನಿತೇಶನ ಧ್ವನಿ: "ಅಜ್ಜಿ, ಇಲ್ಲಿ ಕೂತ್ಕ. ಹೆದ್ರಬೇಡ, ಇದು ಕಚ್ಚೂದಿಲ್ಲ." ಹಿಂದಿನಿಂದ ಪ್ರಗತಿಯ ನಗು. ಎಡಗಡೆಯಿಂದ ಒಂದು ಕೈ ಬಂತು. ನರ ಎದ್ದ, ಸುಕ್ಕಾದ ಕೈ, ಉಂಗುರದ ಬೆರಳಲ್ಲಿ ತಾಮ್ರದ ಸುತ್ತು. ಕೈ ಕುರ್ಚಿಯ ತೋಳನ್ನು ಹಿಡಿಯಿತು. "ನಾನೆಂತ ಮದಲ—"

ಚಿತ್ರ ಅಲ್ಲಿಗೆ ನಿಂತಿತು.

"ಇಷ್ಟೇಯಾ?"

"ಇಷ್ಟೇ ಮಾವ."

"ಮತ್ತೊಂದ್ಸಲ ಹಾಕು."

ಅವಳು ಹಾಕಿದಳು. ಅವನು ಕೇಳಿದಷ್ಟು ಸಲ ಹಾಕಿದಳು. ಕಡೆಗೆ ಅವನು, "ಉಂಗುರ ಅವ್ವಿದೇ," ಎಂದ.

"ಅಪ್ಪ, ಆ ಕೈದೇ ಒಂದು ಫೋಟೋ ದೊಡ್ಡದು ಮಾಡಿ—" ನಿತೇಶ ಹಿಂದಿನಿಂದ ಹೇಳಹೊರಟ.

"ಕೈಗೆ ಹೂ ಹಾಕೂಕೆ ಆತದ್ಯನೋ?" ಎಂದಳು ಹೀರಾ. ಬೈಯುವ ಧ್ವನಿಯಲ್ಲಿ ಶುರುವಾದ ಮಾತು ಮುಗಿಯುವಾಗ ಒಡೆದುಹೋಯಿತು. ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಕ್ಸರ್ ಸದ್ದು ಕೇಳಿತು. ಯುಪಿಎಸ್ ಕೀಂಯ್ಗುಟ್ಟಿ ಆರಿತು.

ದುರ್ಗಪ್ಪ ಕತ್ತಲಾದ ಪರದೆಯ ಮುಂದೆ ಇನ್ನೂ ಕೂತಿದ್ದ. "ಆ ಆಧಾರ್ ಕಾರ್ಡ್ ಎಲ್ಲಿ ಅದೆ?" ಎಂದು ವಿನುತಾಳನ್ನೇ ಕೇಳಿದ.

"ಕಪಾಟಲ್ಲಿ ಅದೆ ಮಾವ."

"ತಾ."

ಅವಳು ತಂದು ಕೊಟ್ಟಳು. ಅದಾರೆ ಎಂದು ತಾನು ಹೇಳಬಾರದಿತ್ತು ಎಂದಳು. ಅವನು ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ. "ನಾನೂ ಮೊಳೆ ಹೊಡೀಬಾರ್ದಿತ್ತು," ಎಂದ.

ಅವನೇ ಕಾರವಾರಕ್ಕೆ ಹೋಗಿ ಫೋಟೋ ದೊಡ್ಡದು ಮಾಡಿಸಿ, ಗಾಜು ಹಾಕಿಸಿ ತಂದ. ಹೊನ್ನಜ್ಜಿ ಅದರಲ್ಲಿ ಕಣ್ಣು ಅಗಲಿಸಿ, ಬಾಯಿ ಬಿಗಿದು, ಕರೆದರೆ ಎದ್ದು ಹೋಗುವಂತೆ ಕೂತಿದ್ದಳು. ಫೋಟೋ ಆ ಮೊಳೆಗೇ ತೂಗಿತು. ನಿತೇಶ ಕ್ಯಾಮೆರಾದ ಸೆಟ್ಟಿಂಗನ್ನು ಕೆಳಗಿಳಿಸಿದ. ಮದುವೆಯ ವಿಡಿಯೋ ಮಾಜಾಳಿಗೆ ಹೋಯಿತು; ಬಿಡುವುದೋ ಇಡುವುದೋ ಎಂದು ಪ್ರಗತಿಯನ್ನು ಕೇಳಿ, ಆ ಕೈಯನ್ನು ವಿನುತಾ ಕೊನೆಯಲ್ಲಿ ಸೇರಿಸಿದ್ದಳು.

ನಿಷೇಧ ಮುಗಿದ ದಿನ ದುರ್ಗಪ್ಪ ಬೈತಖೋಲಕ್ಕೆ ಹೊರಟ. ಆ ಸಂಜೆ ಟಿವಿ ಒರೆಸಿ ಮುಗಿಸಿದ ಹೀರಾ ಸಿಹಿನೀರಿನ ಬಟ್ಟೆಯನ್ನು ಹಿಂಡಿ ಸೊಸೆಗೆ ಕೊಟ್ಟಳು. "ಗಾಜಿಗೆ ಉಪ್ಪು ಕೂತದೆ. ಒರ್ಸು," ಎಂದಳು. ವಿನುತಾ ಸ್ಟೂಲ್ ಹತ್ತಿ ಅಜ್ಜಿಯ ಫೋಟೋ ಒರೆಸಿದಳು. ಅಂದಿನಿಂದ ಆ ಕೆಲಸ ಅವಳದಾಯಿತು.